ಸಹಾಯ ಬೇಕು: ಆಯಿಲ್ ಸೀಲ್ ಬದಲಿಸಲು ಇಂಜಿನ್ ಬಿಚ್ಚಲೇಬೇಕಾ?

ನಮಸ್ಕಾರ ಎಲ್ಲರಿಗೂ. ನನ್ನ ಬೈಕಿನ ಇಂಜಿನ್ ಎಡಗಡೆ ಕೆಳಗೆ ಆಯಿಲ್ ಸೋರುತ್ತಿದೆ, ತಣ್ಣಗಿದ್ದಾಗ ಒಂದೆರಡು ಹನಿ, ಓಡಿಸಿ ಬಿಸಿಯಾದ ಮೇಲೆ ಜಾಸ್ತಿ. ಮೊದಲು ಆಯಿಲ್ ಇಳಿಸುವ ಡ್ರೈನ್ ಬೋಲ್ಟ್‌ಗೆ ಹೊಸ ವಾಷರ್ ಹಾಕಿದೆ, ನಿಲ್ಲಲಿಲ್ಲ. ಆಮೇಲೆ ಮ್ಯಾಗ್ನೆಟ್ ಕವರ್ (ಇಂಜಿನ್ ಪಕ್ಕದ ಮುಚ್ಚಳ) ಗ್ಯಾಸ್ಕೆಟ್, ಅಂದರೆ ಸಂದಿ ಮುಚ್ಚುವ ತೆಳು ಹಾಳೆ, ಬದಲಿಸಿ, ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿ ಮಾಡಿದೆ. ಬ್ರೀದರ್ ಪೈಪ್ (ಇಂಜಿನ್ ಒಳಗಿನ ಗಾಳಿ ಹೊರಹೋಗುವ ಕೊಳವೆ) ಕಟ್ಟಿಕೊಂಡರೆ ಒಳಗಿನ ಒತ್ತಡ ಆಯಿಲನ್ನು ಸೀಲ್ (ಶಾಫ್ಟ್ ಸುತ್ತ ಆಯಿಲ್ ತಡೆಯುವ ರಬ್ಬರ್ ಬಳೆ) ಮೂಲಕ ಹೊರಗೆ ತಳ್ಳುತ್ತದೆ ಅಲ್ವಾ, ಅದನ್ನೂ ನೋಡಿದೆ, ಸರಿಯಾಗಿದೆ. ಆಯಿಲ್ ಲೆವೆಲ್ ಕೂಡ ಮೇಲಿನ ಗೆರೆ ದಾಟಿಲ್ಲ.

ಕೊನೆಗೆ ಎಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಸೋರುವ ಜಾಗ ಒದ್ದೆಯಾಗಿ ಕಾಣಲಿ ಅಂತ ಟಾಲ್ಕಂ ಪೌಡರ್ ಉದುರಿಸಿ ಇಂಜಿನ್ ಸ್ಟಾರ್ಟ್ ಮಾಡಿ ಬಿಟ್ಟೆ. ಗ್ಯಾಸ್ಕೆಟ್ ಅಂಚು ಒಣಗೇ ಇತ್ತು. ಪೌಡರ್ ಒದ್ದೆಯಾಗಿದ್ದು ಮುಂದಿನ ಸ್ಪ್ರಾಕೆಟ್ (ಚೈನ್ ಓಡಿಸುವ ಹಲ್ಲಿನ ಚಕ್ರ) ಹಿಂದೆ. ಅಲ್ಲಿ ಗೇರ್ ಲಿವರ್ ಶಾಫ್ಟ್ ಸೀಲ್, ಸ್ಪ್ರಾಕೆಟ್ ಶಾಫ್ಟ್ ಸೀಲ್ ಎರಡೂ ಹತ್ತಿರ ಹತ್ತಿರ ಇವೆ, ಚೈನ್‌ಗೆ ಹಾಕಿದ ಎಣ್ಣೆ ಬೇರೆ ಅಲ್ಲೇ ಸಿಡಿದಿರುತ್ತದೆ, ಹಾಗಾಗಿ ಯಾವುದು ಸೋರುತ್ತಿದೆ ಅಂತ ಗೊತ್ತಾಗುತ್ತಿಲ್ಲ. ಹಿಂದಿನ ಟೈರಿಗೆ ಆಯಿಲ್ ತಾಗಿದರೆ ಗಾಡಿ ಜಾರುತ್ತದೆ ಎಂಬ ಭಯಕ್ಕೆ ಓಡಿಸುವುದನ್ನೇ ನಿಲ್ಲಿಸಿದ್ದೇನೆ.

ಇವೆರಡರಲ್ಲಿ ಯಾವ ಸೀಲ್ ಅಂತ ಖಚಿತವಾಗಿ ಪತ್ತೆಹಚ್ಚುವುದು ಹೇಗೆ? ಹಳೆಯದನ್ನು ಹೊರಗಿನಿಂದಲೇ ಎಳೆದು ಹೊಸದು ಕೂರಿಸಬಹುದಾ, ಇಲ್ಲಾ ಇಂಜಿನ್ ಕೇಸ್ ಬಿಚ್ಚಲೇಬೇಕಾ? ಮನೆಯಲ್ಲೇ ಮಾಡಿದವರು ಇದ್ದರೆ ದಯವಿಟ್ಟು ತಿಳಿಸಿ.