‘ಚಿತ್ರಗುರುತು’ ಎಂಬ ಪದ ಸಲ್ಲುತ್ತದೆಯೇ? ‘ಅವತಾರ’ವನ್ನು ಏನು ಮಾಡಬೇಕು?

ಮಾನ್ಯರೇ,

ಚಿಕ್ಕಬಳ್ಳಾಪುರ ಜಿಲ್ಲೆಯ ಪ್ರೌಢಶಾಲೆಯ ಮಕ್ಕಳಿಗಾಗಿ, ಓದಿದ್ದನ್ನು ನೆನಪಿಡುವ ಅಭ್ಯಾಸಗಳ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ವಿಶುಯಲ್ ನಿಮೋನಿಕ್’, ‘ವರ್ಚುವಲ್ ಅವತಾರ್’ ಎಂಬ ಎರಡು ಮಾತುಗಳ ಹತ್ತಿರ ಕೆಲಸ ನಿಂತುಹೋಗಿದೆ. ನೆನಪಿಡಬೇಕಾದ ಸಂಗತಿಯನ್ನು ಕಣ್ಣಿಗೆ ಕಟ್ಟುವಂಥ ಚಿತ್ರವಾಗಿಸಿ, ಚೆನ್ನಾಗಿ ಬಲ್ಲ ಜಾಗದಲ್ಲಿರಿಸಿ, ಬೇಕಾದಾಗ ಆ ಜಾಗವನ್ನು ಮನಸ್ಸಿನಲ್ಲೇ ಹಾದುಹೋಗಿ ಹೆಕ್ಕಿಕೊಳ್ಳುವುದು ಮೊದಲನೆಯದು. ಹಾಗೆ ಹಾದುಹೋಗುವುದಕ್ಕೆ ಕಂಪ್ಯೂಟರಿನ ತೆರೆಯ ಮೇಲೆ ಕಲಿಯುವವರ ಪರವಾಗಿ ಓಡಾಡುವ ಬೊಂಬೆ ಎರಡನೆಯದು.

‘ಸ್ಮೃತಿಸಹಾಯಕ’ ಎಂಬುದು ಬಳಕೆಯಲ್ಲಿದೆಯಾದರೂ, ‘ಸಹಾಯಕ’ ಎಂದೊಡನೆ ನಮ್ಮ ಊರುಗಳಲ್ಲಿ ದ್ವಿತೀಯ ದರ್ಜೆ ಸಹಾಯಕರ ಹುದ್ದೆಯೇ ಎದುರಿಗೆ ಬಂದು ನಿಲ್ಲುವುದರಿಂದ ಅದನ್ನು ಕೈಬಿಟ್ಟೆ. ‘ಜ್ಞಾಪಕಸೂತ್ರ’ ಚೆನ್ನಾಗಿದೆ, ಛಂದಸ್ಸಿನ ಎಂಟು ಗಣಗಳ ಗುರುಲಘುಗಳನ್ನು ಹತ್ತೇ ಅಕ್ಷರಗಳಲ್ಲಿ ಹಿಡಿದಿಟ್ಟಿರುವ ‘ಯಮಾತಾರಾಜಭಾನಸಲಗಂ’ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಹೆಸರು ಬೇಕಿಲ್ಲ. ಆದರೆ ಸೂತ್ರವು ಕಿವಿಗೆ ಸೇರಿದ್ದು, ಬಾಯಲ್ಲಿ ಉರುಳುವಂಥದ್ದು. ಕಣ್ಣಿಗೆ ಸೇರಿದ ಉಪಾಯಕ್ಕೆ ಬೇರೆಯ ಪದವೇ ಬೇಕೆಂಬುದು ನನ್ನ ಅನಿಸಿಕೆ.

ಆ ಪದ ನನಗೆ ಹೊಳೆದದ್ದು ತರಗತಿಯಲ್ಲಿ. ನಂದಿ ಬೆಟ್ಟದ ಆಸುಪಾಸಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ, ಚಿತ್ರಾವತಿ ಎಂಬ ಐದು ನದಿಗಳನ್ನು ತಮ್ಮ ತಮ್ಮ ಮನೆಯೊಳಗೆ ಚಿತ್ರಗಳಾಗಿ ಇಟ್ಟುಕೊಂಡು ಬರುವಂತೆ ಮಕ್ಕಳಿಗೆ ಹೇಳಿದ್ದೆ. ಶಿಡ್ಲಘಟ್ಟದ ಕಡೆಯ, ರೇಷ್ಮೆ ಸಾಕುವ ಮನೆಯ ಹುಡುಗಿಯೊಬ್ಬಳು ಎದ್ದು ನಿಂತು, ಪಿನಾಕವೆಂದರೆ ಶಿವನ ಬಿಲ್ಲಾದ್ದರಿಂದ ಬಾಗಿಲ ಎಡಕ್ಕೊಂದು ಬಲಕ್ಕೊಂದು ಬಿಲ್ಲನ್ನು ಒರಗಿಸಿರುವುದಾಗಿಯೂ, ಪಾಲಾರಿಗೆ ಡೇರಿಯ ಹಾಲಿನ ಕ್ಯಾನನ್ನು ಜಗಲಿಯ ಮೇಲಿಟ್ಟಿರುವುದಾಗಿಯೂ ಹೇಳಿದಳು. ಅರ್ಕನನ್ನು, ಎಂದರೆ ಸೂರ್ಯನನ್ನು, ಹುಳುಮನೆಯಲ್ಲಿ ಗೂಡು ಕಟ್ಟಿಸುವ ಚಂದ್ರಿಕೆಯ ಮೇಲೆ ಕೂರಿಸಿದ್ದಳು! ಚಂದ್ರಿಕೆಯ ಮೇಲೆ ಸೂರ್ಯ ಎಂದು ಇಡೀ ತರಗತಿ ನಕ್ಕಿತು. ಅಲ್ಲಿಂದಾಚೆಗೆ ಅರ್ಕಾವತಿಯನ್ನು ಮರೆತವರಿಲ್ಲ. ಚಿತ್ರಾವತಿಗೆ ಗೋಡೆಯ ಮೇಲಿನ ತಾತನ ಪಟವೇ ಆಯಿತು. “ಇಷ್ಟೆಲ್ಲ ಹೇಗಮ್ಮ ಹೇಳಿಬಿಟ್ಟೆ?” ಎಂದು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ: “ಗುರುತಿಟ್ಕೊಂಡಿದ್ದೆ ಸಾರ್.”

ಅವಳು ಹೇಳಿದ್ದು ಗುರುತು ಹಾಕಿಕೊಂಡಿದ್ದೆನೆಂದೋ, ನೆನಪಿಟ್ಟುಕೊಂಡಿದ್ದೆನೆಂದೋ? ನಮ್ಮ ಕಡೆ ಎರಡೂ ಆಗುತ್ತದೆ. ತೆಲುಗಿನಲ್ಲಿ ‘ಗುರ್ತು’ ಎಂದರೆ ಚಿಹ್ನೆಯೂ ಹೌದು, ನೆನಪೂ ಹೌದು; ‘ಗುರ್ತು ಪೆಟ್ಟುಕೋ’ ಎಂದರೆ ನೆನಪಿಟ್ಟುಕೋ ಎಂದೇ ಅರ್ಥ. ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು ಎಂದು ಎರಡು ನುಡಿಗಳನ್ನಾಡುವ ಕೋಲಾರ, ಚಿಂತಾಮಣಿ, ಬಾಗೇಪಲ್ಲಿಗಳ ಕನ್ನಡದೊಳಗೆ ಆ ಎರಡನೆಯ ಅರ್ಥ ನುಸುಳಿರುವುದು ಸಹಜ. ಹೊರಗೆ ಕಾಣುವ ಚಿಹ್ನೆ, ಒಳಗೆ ಉಳಿಯುವ ನೆನಪು ಎರಡನ್ನೂ ಒಂದೇ ಪದ ಹೊರುವುದಾದರೆ, ಚಿತ್ರದಿಂದ ನೆನಪಿಡುವ ಉಪಾಯಕ್ಕೆ ‘ಚಿತ್ರಗುರುತು’ ಎನ್ನಬಹುದಲ್ಲವೇ?

ಈ ವಿಧಾನದ ಮೂಲಕಥೆಯೂ ಇದಕ್ಕೆ ಒಪ್ಪುತ್ತದೆ. ಗ್ರೀಸಿನ ಕವಿ ಸಿಮೊನಿಡೀಸ್ ಔತಣದ ಮನೆಯಿಂದ ಹೊರಗೆ ಬಂದಾಗ ಚಾವಣಿ ಕುಸಿದು ಒಳಗಿದ್ದವರೆಲ್ಲ ಸತ್ತರೆಂದೂ, ಯಾರು ಎಲ್ಲಿ ಕುಳಿತಿದ್ದರೆಂಬ ನೆನಪಿನಿಂದಲೇ ಅವನು ಜಜ್ಜಿಹೋದ ಹೆಣಗಳನ್ನು ಗುರುತು ಹಿಡಿದುಕೊಟ್ಟನೆಂದೂ ರೋಮಿನ ಸಿಸೆರೊ ಕ್ರಿ.ಪೂ. 55ರಲ್ಲಿ ಬರೆದಿದ್ದಾನೆ. ನಮ್ಮಲ್ಲೂ 1951–52ರ ಮೊದಲ ಮಹಾಚುನಾವಣೆಯಲ್ಲಿ ಓದುಬರಹ ಬಾರದ ಮತದಾರರಿಗಾಗಿ ಅಭ್ಯರ್ಥಿಗೊಂದರಂತೆ ಮತಪೆಟ್ಟಿಗೆಯಿಟ್ಟು ಅದರ ಮೇಲೆ ಅವರವರ ಚಿತ್ರಚಿಹ್ನೆಯನ್ನು ಹಾಕಿದ್ದರಷ್ಟೆ. ಕಾಂಗ್ರೆಸ್ಸಿನ ಅಂದಿನ ಚಿಹ್ನೆ ಹಳಬರ ಬಾಯಲ್ಲಿ ಇವತ್ತಿಗೂ ‘ಜೋಡೆತ್ತಿನ ಗುರುತು’. ಒಂದೇ ಅಳುಕೆಂದರೆ, ‘ಚಿತ್ರಗುರುತು’ ಎಂದರೆ ಕಂಪನಿಯ ಲೋಗೋ ಎಂದು ತಿಳಿದುಕೊಳ್ಳುವವರು ಇರಬಹುದು. ‘ನೆನಪಿನ ಗುರುತು’ ಎಂದರೆ ಬೀಳ್ಕೊಡುಗೆಯ ದಿನ ಕೊಡುವ ಸ್ಮರಣಿಕೆಯಂತೆ ಕೇಳಿಸುತ್ತದೆ.

ಇನ್ನು ‘ವರ್ಚುವಲ್ ಅವತಾರ್’. ಭೌತವಿಜ್ಞಾನದ ಪಾಠದಲ್ಲಿ ‘ವರ್ಚುವಲ್ ಇಮೇಜ್’ ಎಂಬುದಕ್ಕೆ ಬರುವ ‘ಮಿಥ್ಯ ಪ್ರತಿಬಿಂಬ’ವನ್ನು ಅನುಸರಿಸಿ ‘ಮಿಥ್ಯಾವತಾರ’ ಎನ್ನಬಹುದೆಂದು ಸಹೋದ್ಯೋಗಿಯೊಬ್ಬರು ಸೂಚಿಸಿದರು. ಆದರೆ ಮಿಥ್ಯ ಪ್ರತಿಬಿಂಬದ ಲಕ್ಷಣವೇ ಅದನ್ನು ತೆರೆಯ ಮೇಲೆ ಹಿಡಿಯಲಾಗದು ಎಂಬುದು. ಈ ಬೊಂಬೆಗಾದರೋ ತೆರೆಯ ಹೊರಗೆ ಬದುಕೇ ಇಲ್ಲ. ಹತ್ತನೆಯ ತರಗತಿಯ ಮಗುವಿಗೆ ಎರಡೂ ಕಲಸಿಹೋಗುವುದು ಖಂಡಿತ.

ಅವತಾರವನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳುವುದು ವಾಸಿ ಎನಿಸುತ್ತದೆ. ‘ಅವ’ ಎಂಬ ಉಪಸರ್ಗಕ್ಕೆ ‘ತೄ’ ಧಾತು ಸೇರಿ ಆದ, ಕೆಳಗಿಳಿದು ಬರುವುದೆಂಬ ಅರ್ಥದ ಈ ಪದ 18ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಹೋಗಿ, 1980ರ ದಶಕದ ಕಂಪ್ಯೂಟರ್ ಆಟಗಳಲ್ಲಿ ಹೊಸ ಅರ್ಥವನ್ನು ಪಡೆದು ನಮ್ಮಲ್ಲಿಗೆ ಮರಳಿದೆ. ಹೊರಗಿರುವವನು ಆಟದ ಲೋಕಕ್ಕೆ ಇಳಿಯುತ್ತಾನೆಂಬ ಮಟ್ಟಿಗೆ ಅರ್ಥ ಹೊಂದಿಕೊಳ್ಳುತ್ತದೆ. ತೊಡಕಿರುವುದು ಧ್ವನಿಯಲ್ಲಿ. “ನಿಮ್ಮ ಅವತಾರವನ್ನು ಆರಿಸಿಕೊಳ್ಳಿ” ಎಂದು ಓದಿದ ಕೂಡಲೇ, ಹಿಂದಿನ ಬೆಂಚಿನ ಹುಡುಗನೊಬ್ಬ ತನ್ನ ಅಮ್ಮನ ದನಿಯಲ್ಲಿ “ಏನೋ ಇದು ನಿನ್ನ ಅವತಾರ!” ಎಂದುಬಿಟ್ಟ. ‘ಪ್ರತಿರೂಪ’ಕ್ಕೆ ಈ ಅಪಾಯವಿಲ್ಲ, ಆದರೆ ಜೀವವೂ ಇಲ್ಲ. ‘ವೇಷ’ ಎನ್ನೋಣವೆಂದರೆ, ವೇಷವನ್ನು ನಮ್ಮ ಮೈಮೇಲೆ ಕಟ್ಟಿಕೊಳ್ಳುತ್ತೇವೆಯೇ ಹೊರತು, ಅದನ್ನು ಒಂಟಿಯಾಗಿ ಓಡಾಡಲು ಬಿಡುವುದಿಲ್ಲ.

ತಿಳಿದವರಲ್ಲಿ ನನ್ನ ಪ್ರಶ್ನೆಗಳಿಷ್ಟು. ತೆಲುಗಿನ ಸೋಂಕಿಲ್ಲದ ಜಿಲ್ಲೆಗಳಲ್ಲಿಯೂ ‘ಗುರುತಿಟ್ಟುಕೋ’ ಎಂಬುದು ನೆನಪಿಟ್ಟುಕೋ ಎಂಬ ಅರ್ಥದಲ್ಲಿ ಬಳಕೆಯಲ್ಲಿದೆಯೇ? ತುಮಕೂರು ಜಿಲ್ಲೆಯೊಳಗೇ ಪಾವಗಡಕ್ಕೂ ತಿಪಟೂರಿಗೂ ಈ ವಿಷಯದಲ್ಲಿ ವ್ಯತ್ಯಾಸವಿದೆಯೇ? ಹಳಗನ್ನಡದ ‘ಕುರುಪು’, ಇಂದಿನ ‘ಕುರುಹು’ಗಳಿಗೆ ನೆನಪೆಂಬ ಅರ್ಥ ಎಲ್ಲಿಯಾದರೂ ಬಂದಿದ್ದರೆ ಆ ಪ್ರಯೋಗವನ್ನು ದಯವಿಟ್ಟು ತಿಳಿಸಬೇಕು.