ಮ್ಯಾನ್ಮಾರ್ ಸೇನೆಯ ದೌರ್ಜನ್ಯ: ಖಂಡಿಸಿದ ಮೇಲೆ ಜಗತ್ತು ಮಾಡಿದ್ದೇನು? ವಕೀಲರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಶಿವಮೊಗ್ಗದ ರಾಜ್ಯಶಾಸ್ತ್ರ ಉಪನ್ಯಾಸಕರು): ನಮಸ್ಕಾರ ಮೇಡಂ. ದ್ವಿತೀಯ ಪಿಯುಸಿ ಮಕ್ಕಳಿಗೆ ವಿಶ್ವಸಂಸ್ಥೆಯ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: “2017ರಲ್ಲಿ ಮ್ಯಾನ್ಮಾರ್ ಸೇನೆ ಅಲ್ಲಿನ ರೋಹಿಂಗ್ಯಾ ಮುಸ್ಲಿಮರ ಊರುಗಳನ್ನು ಸುಟ್ಟಿತು. 2021ರಲ್ಲಿ ಚುನಾಯಿತ ಸರ್ಕಾರವನ್ನೇ ಕಿತ್ತುಹಾಕಿತು. ಎಲ್ಲರೂ ಖಂಡಿಸಿದರು. ಖಂಡಿಸಿ ಏನಾಯಿತು ಸರ್?” ನನಗೆ ಉತ್ತರ ಹೊಳೆಯಲಿಲ್ಲ. ತಾವು ಈ ಕ್ಷೇತ್ರದಲ್ಲೇ ಕೆಲಸ ಮಾಡಿದವರು, ದಯವಿಟ್ಟು ತಿಳಿಸಿ.

ಉತ್ತರ: ಆ ಹುಡುಗಿಯ ಪ್ರಶ್ನೆ 2018ರಿಂದ ನನ್ನನ್ನೂ ಬಿಟ್ಟಿಲ್ಲ. ಆ ವರ್ಷ ಕೆಲವು ತಿಂಗಳು ಬಾಂಗ್ಲಾದೇಶದ ಕಾಕ್ಸ್ ಬಜಾರ್ ಶಿಬಿರಗಳಲ್ಲಿ ಹೇಳಿಕೆ ದಾಖಲಿಸುವ ತಂಡದಲ್ಲಿದ್ದೆ. 2017ರ ಆಗಸ್ಟ್ 25ರ ನಂತರ ಏಳು ಲಕ್ಷಕ್ಕೂ ಹೆಚ್ಚು ಜನ ಮ್ಯಾನ್ಮಾರ್‌ನ ರಾಖೈನ್ ಪ್ರಾಂತ್ಯದಿಂದ ಓಡಿ ಬಂದು ಆ ಕೆಂಪು ಮಣ್ಣಿನ ಗುಡ್ಡಗಳ ಮೇಲೆ ಬಿದಿರು ಮತ್ತು ಟಾರ್ಪಾಲಿನ ಕೆಳಗೆ ಕುಳಿತಿದ್ದರು.

ಬರಿಯ ಖಂಡನೆಯಿಂದ ಏನೂ ಆಗಲಿಲ್ಲ, ಅದನ್ನು ಮಕ್ಕಳಿಗೆ ನೇರವಾಗಿ ಹೇಳಿಬಿಡಿ. ಆದರೆ ಖಂಡಿಸಿದವರಲ್ಲಿ ಕೆಲವರು ಅಲ್ಲಿಗೇ ನಿಲ್ಲಲಿಲ್ಲ. ಒಂದು ಪುಟ್ಟ ದೇಶ ದಾವೆ ಹೂಡಿತು. ಕೆಲವರು ಸಾಕ್ಷ್ಯ ಕೂಡಿಟ್ಟರು. ಇನ್ನು ಕೆಲವರು ಸೇನೆಗೆ ಹಣ ಹೋಗುವ ದಾರಿಗೆ ಅಡ್ಡ ನಿಂತರು. ಇವುಗಳಿಂದ ಆದದ್ದೂ ಇದೆ, ಆಗದೇ ಉಳಿದದ್ದೂ ಇದೆ. ನೀವು ಕೇಳುತ್ತಾ ಹೋಗಿ, ನಾನು ಹೇಳುತ್ತೇನೆ.

ಪ್ರಶ್ನೆ (ಧಾರವಾಡದ ಕಾನೂನು ವಿದ್ಯಾರ್ಥಿನಿ): ದಾವೆ ಹೂಡಿದ್ದು ಗ್ಯಾಂಬಿಯಾ ಅಲ್ಲವೇ ಮೇಡಂ? ಆಫ್ರಿಕದ ಪಶ್ಚಿಮ ತುದಿಯ ಆ ಸಣ್ಣ ದೇಶಕ್ಕೂ ಮ್ಯಾನ್ಮಾರ್‌ಗೂ ಏನು ಸಂಬಂಧ? ಪಕ್ಕದಲ್ಲೇ ಇರುವ ನಾವೇಕೆ ಹೂಡಲಿಲ್ಲ?

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದೆಯಮ್ಮ. 2018ರ ಮೇ ತಿಂಗಳಿನಲ್ಲಿ ಢಾಕಾದಲ್ಲಿ ಮುಸ್ಲಿಂ ದೇಶಗಳ ಒಕ್ಕೂಟವಾದ ಇಸ್ಲಾಮಿಕ್ ಸಹಕಾರ ಸಂಘಟನೆಯ ಸಭೆಯಿತ್ತು. ಗ್ಯಾಂಬಿಯಾದ ವಿದೇಶಾಂಗ ಸಚಿವರ ಬದಲಿಗೆ ಅಲ್ಲಿಗೆ ಹೋದವರು ಕಾನೂನು ಸಚಿವ ಅಬೂಬಕರ್ ತಂಬಾಡು. ರುವಾಂಡದ ನರಮೇಧವನ್ನು ವಿಚಾರಿಸಿದ ವಿಶ್ವಸಂಸ್ಥೆಯ ನ್ಯಾಯಮಂಡಳಿಯಲ್ಲಿ ಅಭಿಯೋಜಕರ ಕಚೇರಿಯಲ್ಲಿ ವರ್ಷಗಟ್ಟಲೆ ದುಡಿದವರು ಅವರು. ಶಿಬಿರಕ್ಕೆ ಹೋಗಿ ನಿರಾಶ್ರಿತರ ಮಾತು ಕೇಳಿದಾಗ ಅವರ ಕಿವಿಗೆ ಬಿದ್ದದ್ದು ರುವಾಂಡದ ಕಥೆಯೇ. ಅವರ ದೇಶವೂ ಯಾಹ್ಯಾ ಜಾಮೆಯ 22 ವರ್ಷಗಳ ಸರ್ವಾಧಿಕಾರದಿಂದ ಆಗಷ್ಟೇ ಹೊರಬಂದಿತ್ತು. 2019ರ ನವೆಂಬರ್ 11ರಂದು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದಾವೆ ದಾಖಲಾಯಿತು.

ಇನ್ನು ಕಾನೂನಿನ ಮಾತು. 1948ರ ನರಮೇಧ ತಡೆ ಒಡಂಬಡಿಕೆಯ ಒಂಬತ್ತನೆಯ ವಿಧಿಯ ಪ್ರಕಾರ, ಸಹಿ ಹಾಕಿದ ದೇಶಗಳ ನಡುವೆ ವ್ಯಾಜ್ಯ ಬಂದರೆ ಯಾವುದೇ ಒಂದು ದೇಶ ಈ ನ್ಯಾಯಾಲಯಕ್ಕೆ ಹೋಗಬಹುದು. ಕೆಲವು ದೇಶಗಳು ಸಹಿ ಹಾಕುವಾಗಲೇ “ಈ ವಿಧಿಗೆ ನಾವು ಬದ್ಧರಲ್ಲ” ಎಂದು ಷರಾ ಬರೆದುಬಿಡುತ್ತವೆ. ಮ್ಯಾನ್ಮಾರ್ 1956ರಲ್ಲಿ ಆರು ಮತ್ತು ಎಂಟನೆಯ ವಿಧಿಗಳಿಗೆ ಷರಾ ಬರೆದಿತ್ತು, ಒಂಬತ್ತಕ್ಕೆ ಬರೆಯಲಿಲ್ಲ. ಇಡೀ ಮೊಕದ್ದಮೆ ಒಳಗೆ ಬಂದದ್ದು ತೆರೆದೇ ಉಳಿದಿದ್ದ ಆ ಒಂದು ಬಾಗಿಲಿನಿಂದ. 1959ರಲ್ಲಿ ಒಡಂಬಡಿಕೆಯನ್ನು ಒಪ್ಪಿದ ಭಾರತ ಒಂಬತ್ತನೆಯ ವಿಧಿಗೇ ಷರಾ ಬರೆದಿದೆ: ತನ್ನ ಒಪ್ಪಿಗೆಯಿಲ್ಲದೆ ತನ್ನನ್ನು ಅಲ್ಲಿಗೆ ಎಳೆಯುವಂತಿಲ್ಲ. ತಾನು ಮುಚ್ಚಿಟ್ಟ ಬಾಗಿಲಿನಿಂದ ಬೇರೆಯವರನ್ನು ಎಳೆಯುವುದೂ ಅದಕ್ಕೆ ಸುಲಭವಲ್ಲ. ಹೂಡುವ ಮನಸ್ಸೂ ದೆಹಲಿಗೆ ಇರಲಿಲ್ಲ, ಅದು ಬೇರೆ ಮಾತು.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ಹೇಗ್‌ನ ಆದೇಶವನ್ನು ಜಾರಿ ಮಾಡುವವರು ಯಾರು? ಅಲ್ಲಿ ಅಮೀನರೂ ಇಲ್ಲ, ಪೊಲೀಸರೂ ಇಲ್ಲ.

ಉತ್ತರ: ಇಲ್ಲ. ನಮ್ಮ ಸಿವಿಲ್ ನ್ಯಾಯಾಲಯದಲ್ಲಿ ಡಿಕ್ರಿ ಸಿಕ್ಕ ಕಕ್ಷಿದಾರ ಅಮಲ್ಜಾರಿಗೆ ಇನ್ನೊಂದು ಅರ್ಜಿ ಹಾಕಿಕೊಂಡು ವರ್ಷಗಟ್ಟಲೆ ಅಲೆಯುತ್ತಾನೆ. ಇಲ್ಲಿ ಅಮಲ್ಜಾರಿಗೆ ಹೋಗಬೇಕಾದದ್ದು ಭದ್ರತಾ ಮಂಡಳಿಗೆ, ಅಲ್ಲಿ ಚೀನಾ ಮತ್ತು ರಷ್ಯಾದ ಕೈಯಲ್ಲಿ ವಿಟೊ, ಅಂದರೆ ಯಾವ ನಿರ್ಣಯವನ್ನಾದರೂ ತಡೆಯುವ ಅಧಿಕಾರ, ಇದೆ.

ಹಾಗೆಂದು ಆದೇಶ ಬರಿಯ ಕಾಗದ ಎನ್ನಲಾರೆ. 2020ರ ಜನವರಿ 23ರ ಮಧ್ಯಂತರ ಆದೇಶಕ್ಕೆ 17 ನ್ಯಾಯಾಧೀಶರೂ ಒಮ್ಮತದಿಂದ ಸಹಿ ಹಾಕಿದರು. ಮ್ಯಾನ್ಮಾರ್ ತಾನೇ ನೇಮಿಸಿಕೊಂಡಿದ್ದ ನ್ಯಾಯಾಧೀಶರೂ, ನಮ್ಮ ದಲವೀರ್ ಭಂಡಾರಿಯವರೂ ಅವರಲ್ಲಿದ್ದರು. ನರಮೇಧದ ಕೃತ್ಯಗಳನ್ನು ತಡೆಯಬೇಕು, ಸಾಕ್ಷ್ಯ ನಾಶ ಮಾಡಬಾರದು, ಆರು ತಿಂಗಳಿಗೊಮ್ಮೆ ವರದಿ ಕೊಡಬೇಕು ಎಂದಿತು ಆದೇಶ. ಸುಟ್ಟ ಊರುಗಳನ್ನು ಸೇನೆ ಬುಲ್ಡೋಜರ್ ಹಾಯಿಸಿ ಸಮತಟ್ಟು ಮಾಡಿಸಿದ್ದು ಉಪಗ್ರಹ ಚಿತ್ರಗಳಲ್ಲಿ ಕಂಡಿತ್ತು. ಹಾಗಾಗಿ ಸಾಕ್ಷ್ಯದ ಮಾತು ಬಹಳ ಮುಖ್ಯವಾಗಿತ್ತು.

ಆದರೆ ಈ ನಿಧಾನವನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ಗ್ಯಾಂಬಿಯಾಕ್ಕೆ ದಾವೆ ಹೂಡುವ ಹಕ್ಕೇ ಇಲ್ಲ ಎಂಬ ತಕರಾರು ತಿರಸ್ಕೃತವಾಗಲು 2022ರ ಜುಲೈ ಬರಬೇಕಾಯಿತು. ಮುಖ್ಯ ವಿಚಾರಣೆಯ ವಾದ ನಡೆದದ್ದು 2026ರ ಜನವರಿಯಲ್ಲಿ. 2017ರಲ್ಲಿ ಕಂಕುಳಲ್ಲಿ ಗಡಿ ದಾಟಿದ ಮಗು ಅಷ್ಟು ಹೊತ್ತಿಗೆ ಎಂಟು ದಾಟಿತ್ತು.

ಪ್ರಶ್ನೆ (ಬೆಂಗಳೂರಿನ ಒಬ್ಬರು): ಮೇಡಂ, ನಾನು ಒಂದು ವಿದೇಶಿ ಬ್ಯಾಂಕಿನ ಹಣ ವರ್ಗಾವಣೆಗಳನ್ನು ಇಲ್ಲಿಂದಲೇ ತಪಾಸಣೆ ಮಾಡುವ ತಂಡದಲ್ಲಿದ್ದೇನೆ. ನಿರ್ಬಂಧಿತರ ಪಟ್ಟಿಯಲ್ಲಿರುವ ಹೆಸರಿಗೆ ಹೊಂದುವ ಹೆಸರು ಬಂದರೆ ಪರದೆಯ ಮೇಲೆ ಎಚ್ಚರಿಕೆ ಮೂಡುತ್ತದೆ. ರಾತ್ರಿ ಪಾಳಿಯಲ್ಲಿ ಬರ್ಮೀ ಹೆಸರುಗಳನ್ನು ನೋಡಿ ನೋಡಿ ಸಾಕಾಗುತ್ತದೆ. ಇದರಿಂದ ನಿಜವಾಗಿ ಯಾರಿಗಾದರೂ ಏನಾದರೂ ಆಗುತ್ತದೆಯೇ?

ಉತ್ತರ: ಆಗುತ್ತದೆ. ಈ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಕೊಡುತ್ತೇನೆ, ಏಕೆಂದರೆ ತಮ್ಮ ಕೆಲಸದ ಬೆಲೆ ತಮಗೇ ಗೊತ್ತಿದ್ದಂತಿಲ್ಲ.

ಬರ್ಮೀಯರಿಗೆ ಮನೆತನದ ಹೆಸರಿಲ್ಲ. ಆಂಗ್, ಟುನ್, ಮಿನ್ ಎಂಬ ಪದಗಳು ಸಾವಿರಾರು ಜನರಲ್ಲಿ ಬರುತ್ತವೆ, ಒಂದೇ ಹೆಸರನ್ನು ಎರಡು ಮೂರು ಬಗೆಯಲ್ಲಿ ಬರೆಯುತ್ತಾರೆ. ಸೇನೆಯ ದಲ್ಲಾಳಿಗಳಿಗೆ ಅದೇ ಅನುಕೂಲ. ಜನ್ಮದಿನಾಂಕ, ಪಾಸ್‌ಪೋರ್ಟ್ ಸಂಖ್ಯೆ, ಕಂಪನಿಯ ವಿಳಾಸ ತಾಳೆ ನೋಡುವ ನಿಮ್ಮಂಥವರೇ ಅಲ್ಲಿ ಕಾವಲು.

2021ರ ಫೆಬ್ರುವರಿ 1ರಂದು ಸೇನಾ ದಂಗೆಯಾದ ಕೆಲವೇ ದಿನಗಳಲ್ಲಿ, ನ್ಯೂಯಾರ್ಕ್‌ನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿದ್ದ ಸುಮಾರು 100 ಕೋಟಿ ಡಾಲರನ್ನು ಸಾಗಿಸಿಕೊಳ್ಳಲು ಸೇನಾಡಳಿತ ಪ್ರಯತ್ನಿಸಿತು. ಅಮೆರಿಕ ಆ ಹಣವನ್ನು ತಡೆಹಿಡಿಯಿತು. ಮುಂದೆ, ಮ್ಯಾನ್ಮಾರ್‌ನ ಮಾನವ ಹಕ್ಕುಗಳ ಸ್ಥಿತಿಯನ್ನು ಪರಿಶೀಲಿಸುತ್ತಿದ್ದ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟಾಮ್ ಆಂಡ್ರ್ಯೂಸ್, ದಂಗೆಯ ನಂತರ ಸೇನೆ ಯಾವ ದೇಶದಿಂದ ಎಷ್ಟು ಯುದ್ಧಸಾಮಗ್ರಿ ತರಿಸಿಕೊಂಡಿತು ಎಂದು 2023ರ ಮೇ ತಿಂಗಳಿನಲ್ಲಿ ಲೆಕ್ಕ ಬಿಡಿಸಿಟ್ಟರು. ಸಿಂಗಪುರದಲ್ಲಿ ನೋಂದಾಯಿತವಾದ ಕಂಪನಿಗಳ ಪಾಲೇ 25.4 ಕೋಟಿ ಡಾಲರ್. ಸಿಂಗಪುರ ಸರ್ಕಾರ ತನಿಖೆಗೆ ಇಳಿಯಿತು. ವರ್ಷಕ್ಕೆ 11 ಕೋಟಿ ಡಾಲರಿಗೂ ಹೆಚ್ಚಿದ್ದ ಅಲ್ಲಿನ ಪೂರೈಕೆ ಮರುವರ್ಷವೇ ಒಂದು ಕೋಟಿಯ ಆಸುಪಾಸಿಗೆ ಬಂತು. ಸೇನೆ ಬ್ಯಾಂಕುಗಳ ಮೂಲಕ ಹೊರಗಿನಿಂದ ಮಾಡುವ ಒಟ್ಟು ಖರೀದಿಯೂ ಸುಮಾರು ಮೂರನೇ ಒಂದರಷ್ಟು ಕುಸಿಯಿತು. ಅಷ್ಟರಲ್ಲಿ ಥಾಯ್ಲೆಂಡಿನ ಬ್ಯಾಂಕುಗಳ ಮೂಲಕ ವ್ಯವಹಾರ ದುಪ್ಪಟ್ಟಾಯಿತು ಎಂಬುದೂ ಅವರ ಮರುವರ್ಷದ ಲೆಕ್ಕದಲ್ಲಿದೆ. ನೀರಿನಂತೆ ಹಣವೂ ತಗ್ಗು ಹುಡುಕಿಕೊಂಡು ಹರಿಯುತ್ತದೆ, ಒಂದು ದೇಶ ಮಾತ್ರ ಒಡ್ಡು ಕಟ್ಟಿದರೆ ಸಾಲದು.

ವಿಮಾನದ ಇಂಧನ ಇನ್ನೂ ದೊಡ್ಡ ವಿಷಯ. 2023ರ ಏಪ್ರಿಲ್ 11ರಂದು ಸಗಾಯಿಂಗ್ ಪ್ರಾಂತ್ಯದ ಪಾಜಿಗ್ಯಿ ಎಂಬ ಹಳ್ಳಿಯಲ್ಲಿ ಸೇನೆಯ ವಿರೋಧಿಗಳ ಸ್ಥಳೀಯ ಆಡಳಿತ ಕಚೇರಿಯ ಉದ್ಘಾಟನೆಗೆಂದು ಸೇರಿದ್ದ ಜನರ ಮೇಲೆ ಬಾಂಬು ಬಿತ್ತು, ನೂರಕ್ಕೂ ಹೆಚ್ಚು ಜನ ಸತ್ತರು. ಆ ಆಗಸ್ಟ್‌ನಲ್ಲಿ ಅಮೆರಿಕ ಸೇನೆಗೆ ವಿಮಾನ ಇಂಧನ ಒದಗಿಸುವವರ ಮೇಲೂ ನಿರ್ಬಂಧ ಹೇರಿತು. ಇಂಧನವಿಲ್ಲದೆ ವಿಮಾನ ಏಳುವುದಿಲ್ಲ. ಆದ್ದರಿಂದ ಮುಂದಿನ ಪಾಳಿಯಲ್ಲಿ ಅಂಥ ಕಂಪನಿಯ ಹೆಸರು ಬಂದರೆ ಇನ್ನೊಂದು ಐದು ನಿಮಿಷ ಹೆಚ್ಚು ನೋಡಿ.

ಪ್ರಶ್ನೆ (ಹೆಸರು ಬೇಡ ಎಂದಿದ್ದಾರೆ): ನಿರ್ಬಂಧಗಳಿಂದ ಬಡವರೇ ಸಾಯುತ್ತಾರೆ ಎನ್ನುತ್ತಾರಲ್ಲ?

ಉತ್ತರ: ಕುರುಡಾಗಿ ಹೇರಿದರೆ ಹೌದು. 2003ರಲ್ಲಿ ಅಮೆರಿಕ ಬರ್ಮಾದ ಎಲ್ಲ ಆಮದನ್ನೂ ನಿಷೇಧಿಸಿದಾಗ ಗಾರ್ಮೆಂಟ್ಸ್ ಕಾರ್ಖಾನೆಗಳು ಮುಚ್ಚಿ, ಹೊಲಿಗೆ ಯಂತ್ರದ ಮುಂದಿದ್ದ ಹೆಣ್ಣುಮಕ್ಕಳು ಬೀದಿಗೆ ಬಿದ್ದರು. ಜನರಲ್‌ಗಳಿಗೆ ಏನೂ ಆಗಲಿಲ್ಲ. ಈಗಿನವು ಸೇನೆಯ ಕಂಪನಿಗಳು, ತೈಲ ಸಂಸ್ಥೆ, ಶಸ್ತ್ರಾಸ್ತ್ರ ದಲ್ಲಾಳಿಗಳ ಮೇಲೆ ನೇರವಾಗಿ ಹೇರಿದವು. ನಾನು ಇವುಗಳ ಪರ.

ಪ್ರಶ್ನೆ (ಮಂಗಳೂರಿನ ನಿವೃತ್ತ ಅಧಿಕಾರಿ): ಮ್ಯಾನ್ಮಾರ್ ಜೊತೆ ನಮಗೆ 1,643 ಕಿಲೋಮೀಟರ್ ಗಡಿಯಿದೆ. ಮಣಿಪುರ, ನಾಗಾಲ್ಯಾಂಡ್ ಬಂಡುಕೋರರ ಸಮಸ್ಯೆಯಿದೆ, ಪಕ್ಕದಲ್ಲಿ ಚೀನಾ ಕಾದು ಕುಳಿತಿದೆ. ಭಾರತ ಎಚ್ಚರಿಕೆಯಿಂದ ನಡೆದುಕೊಂಡದ್ದು ಸರಿಯಲ್ಲವೇ ತಾಯಿ?

ಉತ್ತರ: ತಮ್ಮ ಆತಂಕ ನನಗೆ ಅರ್ಥವಾಗುತ್ತದೆ ಸರ್. ಗಡಿಯ ಕಷ್ಟ ಗಡಿಯಲ್ಲಿದ್ದವರಿಗೇ ಗೊತ್ತು. ಆದರೂ ಒಪ್ಪಲಾರೆ. 2021ರ ಜೂನ್‌ನಲ್ಲಿ ಮಹಾಸಭೆಯಲ್ಲಿ 119 ದೇಶಗಳು ದಂಗೆಯ ವಿರುದ್ಧ ಮತ ಹಾಕಿದಾಗ ನಾವು ದೂರ ಉಳಿದೆವು. 2022ರ ಡಿಸೆಂಬರ್ 21ರಂದು ಭದ್ರತಾ ಮಂಡಳಿ ಹಿಂಸೆ ನಿಲ್ಲಿಸಿ, ಬಂಧಿತರನ್ನು ಬಿಡಿ ಎಂಬ 2669ನೆಯ ನಿರ್ಣಯ ಅಂಗೀಕರಿಸಿದಾಗ 12 ದೇಶಗಳು ಒಪ್ಪಿದವು. ದೂರ ಉಳಿದ ಮೂರು ದೇಶಗಳು ಚೀನಾ, ರಷ್ಯಾ ಮತ್ತು ಭಾರತ. ಆಂಡ್ರ್ಯೂಸ್ ಅವರ ಲೆಕ್ಕದಲ್ಲಿ ನಮ್ಮ ದೇಶದ ಪಾಲೂ 5.1 ಕೋಟಿ ಡಾಲರ್ ಇತ್ತು. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಅದೇ ಹೊತ್ತಿನಲ್ಲಿ ಮಿಜೋರಾಂನ ಜನ ಗಡಿ ದಾಟಿ ಬಂದ ಮ್ಯಾನ್ಮಾರ್‌ನ ಚಿನ್ ಸಮುದಾಯದ ಸಾವಿರಾರು ಕುಟುಂಬಗಳಿಗೆ ಮನೆ, ಶಾಲೆ, ಚರ್ಚುಗಳ ಬಾಗಿಲು ತೆರೆದರು. ವಾಪಸು ಕಳುಹಿಸಿ ಎಂಬ ಕೇಂದ್ರದ ಸೂಚನೆಯನ್ನು ಒಪ್ಪದೆ ಅಲ್ಲಿನ ಮುಖ್ಯಮಂತ್ರಿ ಪ್ರಧಾನಿಗೆ ಪತ್ರ ಬರೆದರು. ಗಡಿಯಲ್ಲೇ ಇರುವವರು ಹೀಗೆ ನಡೆದುಕೊಂಡರು ಸರ್, ಅದನ್ನೂ ನೆನೆಯಬೇಕು.

ಪ್ರಶ್ನೆ (ಶಿವಮೊಗ್ಗದ ಉಪನ್ಯಾಸಕರು): ಕೊನೆಯದಾಗಿ, ತಾವು ಶಿಬಿರದಲ್ಲಿ ದಾಖಲಿಸಿದಂಥ ಹೇಳಿಕೆಗಳು ಎಲ್ಲಿಗೆ ಹೋಗುತ್ತವೆ?

ಉತ್ತರ: ಒಬ್ಬ ತಾಯಿಯ ಬಗ್ಗೆ ಹೇಳುತ್ತೇನೆ. ಸೆರಗಿನ ಗಂಟು ಬಿಚ್ಚಿ, ಪಾಲಿಥೀನ್ ಚೀಲದಲ್ಲಿ ನಾಲ್ಕು ಮಡಿಕೆಯಾಗಿದ್ದ ಕುಟುಂಬದ ಪಟ್ಟಿಯನ್ನು ತೆಗೆದರು. ಸರ್ಕಾರಿ ಮೊಹರಿನ ಕಾಗದ, ಒಂಬತ್ತು ಹೆಸರು. ಬೆರಳಿಟ್ಟು ಒಂದೊಂದೇ ಹೆಸರಿನ ಮೇಲೆ ನಿಂತು “ಇವನಿಲ್ಲ, ಇವಳಿದ್ದಾಳೆ, ಇವನಿಲ್ಲ” ಎಂದರು. ನಾವು ಅಳುವಂತಿರಲಿಲ್ಲ. ಸೈನಿಕರ ಭುಜದ ಪಟ್ಟಿಯ ಬಣ್ಣವೇನು, ಅದರ ಮೇಲೆ ಯಾವ ಅಂಕಿ, ನದಿಯ ಯಾವ ಕಡೆಯಿಂದ ಬಂದರು ಎಂದು ಕೇಳಬೇಕಿತ್ತು. ಆ ತಾಯಿ ಎಲ್ಲಕ್ಕೂ ಉತ್ತರಿಸಿದರು. ಕಾಗದದ ಫೋಟೊ ತೆಗೆಯಲು ಬಿಟ್ಟರು, ಕಾಗದವನ್ನು ಮಾತ್ರ ಕೈಗೆ ಕೊಡಲಿಲ್ಲ.

ಇಂಥ ಸಾಕ್ಷ್ಯವನ್ನು ಕೂಡಿಡಲು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ 2018ರಲ್ಲಿ ಜಿನೀವಾದಲ್ಲಿ ಸ್ವತಂತ್ರ ತನಿಖಾ ವ್ಯವಸ್ಥೆಯೊಂದನ್ನು ಸ್ಥಾಪಿಸಿತು. ಹೇಗ್‌ನಲ್ಲೇ ಇನ್ನೊಂದು ನ್ಯಾಯಾಲಯವಿದೆ, ದೇಶಗಳನ್ನಲ್ಲ, ವ್ಯಕ್ತಿಗಳನ್ನು ವಿಚಾರಿಸುವ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ; ಅದಕ್ಕೆ ಮ್ಯಾನ್ಮಾರ್ ಸದಸ್ಯನಲ್ಲ, ಬಾಂಗ್ಲಾದೇಶ ಸದಸ್ಯ. ಜನರನ್ನು ಓಡಿಸಿದ ಅಪರಾಧ ಬಾಂಗ್ಲಾ ನೆಲದಲ್ಲಿ ಪೂರ್ಣವಾಯಿತು ಎಂಬ ಆಧಾರದ ಮೇಲೆ ಆ ನ್ಯಾಯಾಲಯದ ತನಿಖೆ ನಡೆದು, 2024ರ ನವೆಂಬರ್‌ನಲ್ಲಿ ಅಭಿಯೋಜಕರು ಸೇನಾ ಮುಖ್ಯಸ್ಥ ಮಿನ್ ಆಂಗ್ ಹ್ಲೈಂಗ್ ಬಂಧನಕ್ಕೆ ವಾರಂಟ್ ಕೋರಿದರು. 2025ರ ಫೆಬ್ರುವರಿಯಲ್ಲಿ ಅರ್ಜೆಂಟೀನಾದ ನ್ಯಾಯಾಲಯವೊಂದು ವಾರಂಟ್ ಹೊರಡಿಸಿಯೇಬಿಟ್ಟಿತು.

ಮ್ಯಾನ್ಮಾರ್‌ನ ಒಳಗಿನ ನ್ಯಾಯ ಹೇಗಿತ್ತು ಎಂದು ಮಕ್ಕಳು ಕೇಳಿದರೆ ಇನ್ ದಿನ್ ಎಂಬ ಹಳ್ಳಿಯ ವಿಷಯ ಹೇಳಿ. 2017ರ ಸೆಪ್ಟೆಂಬರ್ 2ರಂದು ಅಲ್ಲಿ ಹತ್ತು ಗಂಡಸರನ್ನು ಕೈಕಟ್ಟಿ ಕೂರಿಸಿ, ಕೊಂದು ಹೂಳಿದರು. ಏಳು ಸೈನಿಕರಿಗೆ ಹತ್ತು ವರ್ಷ ಶಿಕ್ಷೆಯಾಯಿತು, ವರ್ಷ ತುಂಬುವ ಮೊದಲೇ ಬಿಡುಗಡೆಯೂ ಆಯಿತು. ಆ ಕೊಲೆಗಳನ್ನು ಬಯಲಿಗೆಳೆದ ರಾಯಿಟರ್ಸ್‌ನ ವಾ ಲೋನ್ ಮತ್ತು ಕ್ಯಾವ್ ಸೋ ಊ ಮಾತ್ರ 500 ದಿನಗಳಿಗೂ ಹೆಚ್ಚು ಜೈಲಿನಲ್ಲಿದ್ದರು.

ಆ ಹುಡುಗಿಗೆ ನನ್ನ ನಮಸ್ಕಾರ ತಿಳಿಸಿ. ನರಮೇಧ ಒಡಂಬಡಿಕೆ ಹತ್ತೊಂಬತ್ತೇ ವಿಧಿಗಳ ಚಿಕ್ಕ ಪಠ್ಯ, ತರಗತಿಯಲ್ಲಿ ಒಂದು ಗಂಟೆಯಲ್ಲಿ ಓದಿಸಬಹುದು. ಕನ್ನಡದಲ್ಲಿ ಬೇಕಿದ್ದರೆ ತಿಳಿಸಿ, ಅನುವಾದ ಮಾಡಿ ಕಳುಹಿಸುತ್ತೇನೆ.