ಎಂಟನೇ ಕ್ಲಾಸಿಗೆ ಇಂಗ್ಲಿಷ್: ಉಚ್ಚಾರ, ಪದ, ಬರವಣಿಗೆ, ಯಾವುದರಿಂದ ಶುರು ಮಾಡಿದ್ರಿ?

ಕುಂದಗೋಳ ಹೊಸಬಳು:
ಈ ಜೂನ್‌ನಲ್ಲಿ ಕುಂದಗೋಳ ತಾಲೂಕಿನ ಒಂದು ಹೈಸ್ಕೂಲಿಗೆ ಸೇರಿದ್ದೇನೆ. ಕನ್ನಡ ಮಾಧ್ಯಮ. ಎಂಟನೇ ಕ್ಲಾಸಿನಲ್ಲಿ 54 ಮಕ್ಕಳು. ಪದ್ಯವನ್ನು ಗಡಗಡ ಬಾಯಿಪಾಠ ಹೇಳುತ್ತಾರೆ. ಬೋರ್ಡ್ ಮೇಲೆ ಹೊಸದೊಂದು ಸಾಲು ಬರೆದು ಓದಿ ಅಂದರೆ ತಲೆ ತಗ್ಗಿಸುತ್ತಾರೆ. ಉಚ್ಚಾರ ತಿದ್ದಲಾ, ಪದ ಕಲಿಸಲಾ, ಬರೆಸಲಾ? ಅನುಭವ ಇದ್ದವರು ಹೇಳಿ.

ಬೆಟಗೇರಿ ಅಕ್ಕೋರು:
ನನಗೆ 19 ವರ್ಷ ಆಯ್ತು ಈ ಕೆಲಸದಲ್ಲಿ. ಮೊದಲ ನಾಲ್ಕು ವರ್ಷ ಒಂದು ತಪ್ಪು ಮಾಡಿದೆ. ಪ್ರತಿ ಇಂಗ್ಲಿಷ್ ಪದದ ತಲೆ ಮೇಲೆ ಕನ್ನಡದಲ್ಲಿ ಬರೆಸುತ್ತಿದ್ದೆ. ಒಮ್ಮೆ ಪದ ಕೊಟ್ಟು ಚಿತ್ರ ಬರೆಯಿರಿ ಅಂದೆ. ‘ವೆಜಿಟೇಬಲ್’ಗೆ ಒಬ್ಬ ಹುಡುಗಿ ನಾಲ್ಕು ಕಾಲಿನ ಟೇಬಲ್ ಬರೆದಳು. ಮೇಲೆ ಒಂದು ಬದನೆಕಾಯಿ ಇಟ್ಟಿದ್ದಳು. ಅವಳದೇನು ತಪ್ಪು? ಟೇಬಲ್ ಅಂತ ಬರೆಸಿದ್ದು ನಾನೇ. ಆಡುವಾಗ ಅದು ‘ವೆಜ್‌ಟಬಲ್’. ಆ ‘ಟೇ’ ಅಲ್ಲಿ ಇಲ್ಲವೇ ಇಲ್ಲ.

ಆಮೇಲೆ ನಮ್ಮ ವರ್ಗಾಕ್ಷರವನ್ನೇ ಹಿಡಿದೆ. ಕ-ಗ, ಟ-ಡ, ಪ-ಬ ಮಕ್ಕಳಿಗೆ ಗೊತ್ತಿದ್ದದ್ದೇ. ಗಂಟಲ ಮೇಲೆ ಎರಡು ಬೆರಳು ಇಡಿಸಿ ‘ಸ್ಸ್ಸ್’ ಅನ್ನಿಸಿದೆ. ಗಂಟಲು ಸುಮ್ಮನಿತ್ತು. ಜೇನುಹುಳದ ಹಾಗೆ ಗುಂಯ್‌ಗುಟ್ಟಿ ಅಂದೆ. ಬೆರಳಿಗೆ ನಡುಕ ತಾಗಿತು. ಕ್ಯಾಟ್ಸ್‌ನ ಕೊನೆಗೆ ನಡುಕ ಇಲ್ಲ, ಡಾಗ್ಸ್‌ನ ಕೊನೆಗೆ ಇದೆ, ವ್ಯತ್ಯಾಸ ಅಷ್ಟೇ. ಭೂತಕಾಲದ ‘ಎಡ್’ ಸೇರಿಸಿದಾಗ ‘ವರ್ಕ್’ ಆದ ಮೇಲೆ ಟಕಾರ ಯಾಕೆ, ‘ಪ್ಲೇ’ ಆದ ಮೇಲೆ ಡಕಾರ ಯಾಕೆ ಅನ್ನೋದನ್ನೂ ಬೆರಳೇ ಹೇಳಿಕೊಟ್ಟಿತು. ‘ವಾಂಟ್’ ಥರ ಟ, ಡ ಕೊನೆಗಿದ್ದರೆ ಮಾತ್ರ ‘ಇಡ್’ ಅಂತ ಬಿಡಿಸಿ ಹೇಳಬೇಕು.

ಇಂಗ್ಲಿಷಿನ ಎರಡು ವಕಾರಕ್ಕೆ, ಅಂದರೆ ವಿ ಮತ್ತು ಡಬ್ಲ್ಯೂಗೆ, ಹುಬ್ಬಳ್ಳಿಯ ದುರ್ಗದಬೈಲಿನಿಂದ 30 ಸಣ್ಣ ಕನ್ನಡಿ ತಂದೆ. 12 ರೂಪಾಯಿಗೆ ಒಂದು, 360 ರೂಪಾಯಿ ಕೈಯಿಂದ ಹೋಯ್ತು. ‘ವೆಸ್ಟ್’ ಅಂದರೆ ಬನಿಯನ್, ಮೇಲಿನ ಹಲ್ಲು ಕೆಳದುಟಿಗೆ ತಾಗಬೇಕು. ‘ವೆಸ್ಟ್’ ಅಂದರೆ ಪಶ್ಚಿಮ, ತುಟಿ ದುಂಡಗಾಗಬೇಕು. ಕನ್ನಡದಲ್ಲಿ ಬರೆದರೆ ಎರಡೂ ಒಂದೇ, ನೋಡಿ. ಮೊದಲ ವಾರದಲ್ಲೇ 7 ಕನ್ನಡಿ ಒಡೆದವು. ಒಬ್ಬನ ಬೆರಳು ಕುಯ್ದಿತು. ಅವರಮ್ಮ ಬಂದು ಎಲ್ಲರ ಎದುರು ನನ್ನನ್ನು ಬೈದರು. ಎರಡು ರಾತ್ರಿ ನಿದ್ದೆ ಇಲ್ಲ. ಆದರೂ ಬಿಡಲಿಲ್ಲ. ಉಚ್ಚಾರದಿಂದಲೇ ಶುರು ಮಾಡಿ.

ಹಾನಗಲ್ ಮಾಸ್ತರ:
ಅಕ್ಕೋರೇ, ಎಸ್ಸೆಸ್ಸೆಲ್ಸಿಯಲ್ಲಿ ಎರಡನೇ ಭಾಷೆಗೆ 100 ಅಂಕ. ಅದರಲ್ಲಿ 80 ಬರೆಯುವುದಕ್ಕೆ. ತುಟಿ ದುಂಡಗೆ ಮಾಡಿದ್ದಕ್ಕೆ ಯಾರೂ ಅಂಕ ಕೊಡುವುದಿಲ್ಲ. ನನ್ನ ಮಕ್ಕಳು ಬಡವರು, ಫೇಲಾದರೆ ಸೀದಾ ಕೂಲಿಗೆ ಹೋಗುತ್ತಾರೆ. ನಾನು ಬರವಣಿಗೆ ಹಿಡಿದೆ.

ಸುಲಭ ಇರಲಿಲ್ಲ. ರಜೆ ಚೀಟಿ ಬರೆಯಿರಿ ಅಂದರೆ 48 ಮಕ್ಕಳಿಗೂ ಜ್ವರ. ‘ಸಫರಿಂಗ್ ಫ್ರಮ್ ಫೀವರ್’, ಕಾಮಾ ಸಮೇತ ಒಂದೇ ಥರ. ಗೈಡ್ ನೋಡಿ ಕಲಿತದ್ದು. ಜ್ವರ ಬಿಟ್ಟು ಬೇರೆ ಕಾರಣ ಬರೆಯಿರಿ ಅಂದೆ. ಅರ್ಧ ತಾಸು ಪೆನ್ನು ಅಲುಗಾಡಲಿಲ್ಲ. ಕೊನೆಗೆ ಒಬ್ಬ ಬರೆದ: ‘ಅವರ್ ಕೌ ಟುಡೇ ಕಾಫ್ ಗೇವ್’. ಕನ್ನಡದ ಹಾಗೆ ಕ್ರಿಯಾಪದ ಕೊನೆಗೆ. ಆದರೆ ಅದು ಅವನದೇ ವಾಕ್ಯ, ಅವರ ಮನೆಯ ಆಕಳು ನಿಜಕ್ಕೂ ಕರು ಹಾಕಿತ್ತು. ಆ ವಾಕ್ಯವನ್ನು ಚೀಟಿ ಚೀಟಿ ಮಾಡಿ ಕತ್ತರಿಸಿ ನೆಲದ ಮೇಲೆ ಜೋಡಿಸಿದೆವು. ಯಾರು, ಏನು ಮಾಡಿದರು, ಯಾವುದನ್ನು, ಯಾವಾಗ. ಒಂದು ವಾಕ್ಯಕ್ಕೆ ಒಂದು ಪೀರಿಯಡ್ ಹೋಯ್ತು. ದಿನಾ ಐದು ವಾಕ್ಯ ಬರೆಸಿದೆ. ಒಂದು ನೋಟ್‌ಬುಕ್ಕಿಗೆ 4 ನಿಮಿಷ ಅಂದರೂ 48ಕ್ಕೆ ಮೂರು ತಾಸಿಗಿಂತ ಜಾಸ್ತಿ. ರಾತ್ರಿ ಹನ್ನೊಂದರ ತನಕ ಕೂತು ತಿದ್ದಿದೆ. ಚಷ್ಮಾ ನಂಬರ್ ಆ ವರ್ಷವೇ ಏರಿತು.

ಬೆಟಗೇರಿ ಅಕ್ಕೋರು:
ಅಂಕ ಕೊಡುವುದಿಲ್ಲ ಅಂತ ಕಿವಿ ಮುಚ್ಚಿಕೊಂಡು ಬರೆಸಿದರೆ ಆಗುತ್ತಾ ಸರ್? ‘ಇಯರ್’ ಅಂದರೆ ಕಿವಿಯೋ ವರ್ಷವೋ ಅಂತ ನಿಮ್ಮ ಮಕ್ಕಳನ್ನು ಕೇಳಿ ನೋಡಿ. ನಮ್ಮ ಕಡೆ ‘ಎಗ್’ ಅನ್ನುವುದೇ ‘ಯೆಗ್’, ‘ಓಲ್ಡ್’ ಅನ್ನುವುದೇ ‘ವೋಲ್ಡ್’. ಕೇಳಿದ್ದು ತಪ್ಪಾದರೆ ಸ್ಪೆಲ್ಲಿಂಗ್ ಎಲ್ಲಿ ಸರಿ ಆಗುತ್ತದೆ?

ನವನಗರದ ತಂದೆ:
ನಾನು ಶಿಕ್ಷಕ ಅಲ್ಲ, ತಂದೆ. ಮಗಳನ್ನು ಎಂಟನೇ ಕ್ಲಾಸಿನಲ್ಲಿ ಧಾರವಾಡದ ಸಪ್ತಾಪುರದಲ್ಲಿ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹಾಕಿದೆ. 3 ತಿಂಗಳಿಗೆ 9,500 ರೂಪಾಯಿ. ಪುಸ್ತಕ ಅಂತ 650, ಸರ್ಟಿಫಿಕೇಟಿಗೆ 300. ದಿನಾ ಸಂಜೆ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ಇಬ್ಬರ ಟಿಕೆಟ್ ಬೇರೆ. ಕ್ಲಾಸ್ ಮುಗಿಯುವ ತನಕ ನಾನು ಹೊರಗೆ ಗಾಡಿಗಳ ನಡುವೆ ನಿಂತಿರುತ್ತಿದ್ದೆ. ಮೂರು ತಿಂಗಳಾದ ಮೇಲೆ ‘ಮೈಸೆಲ್ಫ್’ ಅಂತ ಶುರು ಮಾಡಿ ಎಂಟು ವಾಕ್ಯ ಹೇಳಿದಳು. ಒಂಬತ್ತನೆಯದು ಕೇಳಿದರೆ ಅತ್ತಳು. ಆ ‘ಮೈಸೆಲ್ಫ್’ ಕೂಡ ತಪ್ಪಂತೆ, ‘ಐ ಆ್ಯಮ್’ ಅನ್ನಬೇಕಂತೆ. ದುಡ್ಡು ಹೋದದ್ದಕ್ಕಿಂತ ಅವಳು ಅತ್ತದ್ದು ಇನ್ನೂ ಚುಚ್ಚುತ್ತದೆ.

ಸಪ್ತಾಪುರ ಸರ್:
ಒಬ್ಬರು ಹಾಗೆ ಮಾಡಿದರು ಅಂತ ಎಲ್ಲರ ಮೇಲೂ ಹಾಕಬೇಡಿ. ನಾನೂ ಕ್ಲಾಸ್ ನಡೆಸುತ್ತೇನೆ. ಬ್ಯಾಚಿಗೆ 12 ಮಕ್ಕಳು, ಜಾಸ್ತಿ ತೆಗೆದುಕೊಳ್ಳುವುದಿಲ್ಲ. ಬಾಡಿಗೆಯೇ ತಿಂಗಳಿಗೆ 11,000. ನಮ್ಮ ಹತ್ತಿರ ಬರುವ ಮಗುವಿಗೆ ಎ, ಬಿ, ಸಿ, ಡಿ ಕ್ರಮವೇ ಗೊತ್ತಿರುವುದಿಲ್ಲ. ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಬಂದದ್ದು 2007ರಲ್ಲಿ. ಏಳು ವರ್ಷ ಪ್ರೈಮರಿಯವರು ಏನು ಕಲಿಸಿದರು? ಅದನ್ನು ಮೊದಲು ಕೇಳಿ.

ರೋಣದ ಪ್ರೈಮರಿ ಟೀಚರ್:
ಕೇಳಿ, ಹೇಳುತ್ತೇನೆ. ಒಂದು, ಎರಡು, ಮೂರನೇ ಕ್ಲಾಸು ಮೂರೂ ಒಂದೇ ಕೋಣೆಯಲ್ಲಿ. ಆಟ-ಚಟುವಟಿಕೆಯಿಂದ ಕಲಿಸುವ ನಲಿಕಲಿ ಪದ್ಧತಿ. ನಾನೊಬ್ಬಳೇ. ಅದರ ಮೇಲೆ ಬಿಸಿಯೂಟದ ಲೆಕ್ಕ, ಸಮೀಕ್ಷೆ, ಚುನಾವಣೆ ಡ್ಯೂಟಿ. 12 ಮಕ್ಕಳನ್ನು ಕೂಡಿಸಿಕೊಂಡು ಫೀಸು ತೆಗೆದುಕೊಳ್ಳುವವರು ಈ ಮಾತು ಆಡಬಾರದು. ನನ್ನ ಕೈಯಲ್ಲಿ ಕಲಿತ ಮೂವರು ಇವತ್ತು ಧಾರವಾಡದಲ್ಲಿ ಇಂಗ್ಲಿಷ್ ಎಂಎ ಓದುತ್ತಿದ್ದಾರೆ.

ಸಪ್ತಾಪುರ ಸರ್:
ಮೂವರು ಸರಿ. ಉಳಿದವರು?

ರೋಣದ ಪ್ರೈಮರಿ ಟೀಚರ್:
ಉಳಿದವರ ಹೆಸರು ನನಗೆ ಒಂದೊಂದೂ ನೆನಪಿದೆ. ನಿಮ್ಮ ಹೋದ ವರ್ಷದ ಬ್ಯಾಚಿನ ಹೆಸರು ನಿಮಗೆ ನೆನಪಿದ್ದರೆ ಹೇಳಿ.

ಬ್ಯಾಡಗಿ ಮಾಸ್ತರ:
ಜಗಳ ಬಿಡಿ, ಪದದ ಬಗ್ಗೆ ಯಾರೂ ಹೇಳಲಿಲ್ಲ. ದಿನಾ ಹತ್ತು ಪದ ಅಂತ ಒಂದು ವರ್ಷ ಬರೆಸಿದೆ. ಸೋಮವಾರ ಬರೆದದ್ದು ಗುರುವಾರಕ್ಕೆ ಇಲ್ಲ. ಆಮೇಲೆ ಒಂದು ಹಿಡಿ ಒಣ ಮೆಣಸಿನಕಾಯಿ ಕ್ಲಾಸಿಗೆ ಒಯ್ದೆ. ಮಾರ್ಕೆಟ್ ಸೀಜನ್‌ನಲ್ಲಿ ನಮ್ಮ ಮಕ್ಕಳು ತೊಟ್ಟು ಬಿಡಿಸಲು ಹೋಗುತ್ತಾರೆ, ಕೈ ಉರಿಯುತ್ತಿರುತ್ತದೆ. ತೊಟ್ಟು, ಚೀಲ, ತೂಕ, ಒಣಗು, ಸೀನು, ಉರಿ, ಎಲ್ಲದಕ್ಕೂ ಇಂಗ್ಲಿಷ್ ಕೇಳಿದರು. ಬ್ಯಾಡಗಿ ಕಾಯಿಯ ಗುರುತೇ ಅದರ ಸುಕ್ಕು, ಅಲ್ವಾ? ‘ರಿಂಕಲ್ಡ್’ ಹೇಳಿಕೊಟ್ಟೆ. ಮೊದಲಿನ ಡಬ್ಲ್ಯೂ ಬಾಯಿಗೆ ಬರುವುದಿಲ್ಲ ಅಂದೆ. ಮಾರನೇ ದಿನ ಒಬ್ಬಳು ಬರೆದು ತಂದಳು: ಅಜ್ಜಿಯ ಕೈ ‘ರಿಂಕಲ್ಡ್’, ಆದರೆ ಖಾರ ಅಲ್ಲ. ಆ ಹಾಳೆ ಇನ್ನೂ ನನ್ನ ಡೈರಿಯಲ್ಲಿದೆ. ಆ ವಾರ ಕಲಿತದ್ದು 14 ಪದ, ಅಷ್ಟೇ. ವರ್ಷದ ಕೊನೆಗೂ ಅವರಿಗೆ ನೆನಪಿದ್ದವು.

ಹಾನಗಲ್ ಮಾಸ್ತರ:
ಸಿಲೆಬಸ್ ಯಾವಾಗ ಮುಗಿಸಿದ್ರಿ?

ಬ್ಯಾಡಗಿ ಮಾಸ್ತರ:
ಮುಗಿಯಲಿಲ್ಲ. ಎರಡು ಪಾಠ ಉಳಿದವು. ಮೀಟಿಂಗಿನಲ್ಲಿ ಎಬ್ಬಿಸಿ ನಿಲ್ಲಿಸಿ ಕೇಳಿದರು. ಬೇಜಾರಾಯ್ತು, ಆದರೆ ಆ ವಾರ ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ.

ಲಕ್ಷ್ಮೇಶ್ವರ:
ನಾನು ಧಾರವಾಡದ ಸುಭಾಷ್ ರಸ್ತೆಯಿಂದ 25 ಡಿಕ್ಷನರಿ ತಂದೆ. ಒಂದಕ್ಕೆ 140, ಒಟ್ಟು 3,500 ರೂಪಾಯಿ. ನನ್ನ ಸಂಬಳದ್ದೇ. ಮಕ್ಕಳಿಗೆ ಅಕ್ಷರಕ್ರಮದಲ್ಲಿ ಹುಡುಕಲು ಬರಲಿಲ್ಲ, ಅದಕ್ಕೇ ಮೂರು ಪೀರಿಯಡ್ ಹೋಯ್ತು. ‘ನೈಫ್’ ಹುಡುಕಲು ಎನ್ ತೆಗೆದರು. ಸಿಗಲಿಲ್ಲ. ಕೆ ಅಲ್ಲಿ ಇದೆ ಅಂದಾಗ ಒಬ್ಬ ನಿಜಕ್ಕೂ ಸಿಟ್ಟಾದ. ಅವತ್ತಿನಿಂದ ಬಾಯಿಗೆ ಬಾರದ ಅಕ್ಷರಗಳ ಪಟ್ಟಿ ಅವನೇ ಮಾಡತೊಡಗಿದ. ಶಿವರಾತ್ರಿ ಹೊತ್ತಿಗೆ ಪಟ್ಟಿ 61ಕ್ಕೆ ಮುಟ್ಟಿತ್ತು. ಈಗ ವರ್ಗಾವಣೆಯಾಗಿ ನಾನು ಬೇರೆ ಶಾಲೆಯಲ್ಲಿದ್ದೇನೆ.

ಕುಂದಗೋಳ ಹೊಸಬಳು:
ಎಲ್ಲರದ್ದೂ ಎರಡು ಸಲ ಓದಿದೆ. ನಾಳೆ ಗಂಟಲ ಮೇಲೆ ಬೆರಳು ಇಡಿಸುತ್ತೇನೆ, ಕನ್ನಡಿ ತರುವುದಿಲ್ಲ. ಲಕ್ಷ್ಮೇಶ್ವರದವರೇ, ಆ ಡಿಕ್ಷನರಿಗಳು ಈಗ ಎಲ್ಲಿವೆ?

ಲಕ್ಷ್ಮೇಶ್ವರ:
11 ಉಳಿದಿವೆ, ಕೆಲವಕ್ಕೆ ರಟ್ಟಿಲ್ಲ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬಂದು ಒಯ್ಯಿರಿ. ಚೀಲ ನೀವೇ ತನ್ನಿ.